ಕುಂಕುಮ ಕೊಟ್ಟು ಕರೆದ ಓಟು

ಮೊನ್ನೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಬರುವಾಗ ಮುಂದಿನ ಸೀಟಿನ ಹೆಂಗಸೊಬ್ಬಳು ಕಾಲ ಬಳಿ ಅವರೆಕಾಯಿ ಚೀಲ ಇಟ್ಟುಕೊಂಡು ಕೂತಿದ್ದಳು. ಆಗತಾನೆ ಹೊಲದಿಂದ ಕಿತ್ತ ಕಾಯಿ. ಮಂಜು ಬಿದ್ದು ಸೊಗಡು ಏರಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು "ಛತ್ರಿ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಚಿನ್ನು ಕಿಟಕಿಯಾಚೆ ನೋಡಿ, "ಮಳೆ ಎಲ್ಲಿದೆ ಅಜ್ಜಿ?" ಅಂದಳು. ಮಳೆ ಇರಲಿಲ್ಲ. ಆ ವರ್ಷವೂ ಇರಲಿಲ್ಲ. ಅವರೆಕಾಯಿಗೂ ಛತ್ರಿಗೂ ಏನು ನಂಟು ಎಂದು ಅವಳು ಮನೆಗೆ ಬಂದಮೇಲೂ ಕೇಳುತ್ತಲೇ ಇದ್ದಾಳೆ. ಬಾಯಲ್ಲಿ ಹೇಳಲು ನನಗೆ ಎಂದೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀವೆಲ್ಲ ಒಟ್ಟಿಗೆ ಕೂತು ಓದಿಕೊಳ್ಳಿ.

ಅದು ದೇಶಕ್ಕೇ ಮೊದಲನೆಯ ಎಲೆಕ್ಷನ್ನು ಬಂದ ಚಳಿಗಾಲ. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ಮದ್ದೂರು ಕಾಡಿಗೆ ಹೋಗುವ ದಾರಿಯ ಬಸವಾಪುರ ನನ್ನ ತವರು. ಅಲ್ಲಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ, ಮನೆಯಲ್ಲೇ ಬೆಳೆದು, ಇಪ್ಪತ್ತು ದಾಟಿದ ಮೇಲೆ ಚಾಮರಾಜನಗರಕ್ಕೆ ಸೊಸೆಯಾಗಿ ಬಂದೆ. ನಾನು ಎಷ್ಟು ನಾಚಿಕೆಯವಳೆಂದರೆ ಹೊರಗಿನ ಗಂಡಸರು ಬಂದರೆ ಬಾಗಿಲ ಹಿಂದೆ ನಿಂತುಬಿಡುತ್ತಿದ್ದೆ. ನಿಮ್ಮ ತಾತ ಅಲ್ಲಿಂದಲೇ ಏನಾದರೂ ಕೇಳಿದರೆ ಬಳೆ ಬಡಿಯುತ್ತಿದ್ದೆ. ಒಂದು ಸಲ ಸದ್ದಾದರೆ ಹೌದು, ಎರಡು ಸಲ ಆದರೆ ಇಲ್ಲ. "ನಮ್ಮ ಮನೇಲಿ ತಂತಿ ಆಫೀಸಿದೆ" ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ತಾತ ಬ್ಯಾರಿಸ್ಟರ್ ಗುರುಪಾದಪ್ಪನವರ ಗುಮಾಸ್ತರಾಗಿದ್ದರು. ಬ್ಯಾರಿಸ್ಟರು ಲಂಡನ್ನಿನಲ್ಲಿ ಓದಿ, ಅಲ್ಲಿಯೇ ಕೆಲವು ವರ್ಷ ಕೋರ್ಟಿನಲ್ಲಿ ನಿಂತು, ಹಡಗಿನಲ್ಲಿ ವಾಪಸು ಬಂದವರು. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರ ವಯಸ್ಸಾದ ತಾಯಿ ಒಬ್ಬರೇ. ನಮ್ಮ ಮನೆಗೂ ಅವರ ಆಫೀಸಿಗೂ ನಡುವೆ ಒಂದೇ ಗೋಡೆ. ಲಂಡನ್ನಿನಿಂದ ಅವರು ತಂದದ್ದು ಮುಖ್ಯವಾಗಿ ಎರಡು: ಮರದ ಹಿಡಿಯ ಒಂದು ಕಪ್ಪು ಛತ್ರಿ ಮತ್ತು ಒಂದಿಷ್ಟು ನಿಯಮ. ಛತ್ರಿಯನ್ನು ಬಿಸಿಲಿರಲಿ, ಚಳಿಯಿರಲಿ, ಕೈಯಿಂದ ಬಿಡುತ್ತಿರಲಿಲ್ಲ. ನಿಯಮಗಳನ್ನೂ ಬಿಡುತ್ತಿರಲಿಲ್ಲ. ಯಾರ ಮಾತನ್ನಾದರೂ ಅಲ್ಲಗಳೆಯುವ ಮೊದಲು "ಗೌರವಪೂರ್ವಕವಾಗಿ ಹೇಳುತ್ತೇನೆ" ಎನ್ನುವುದು ಒಂದು ನಿಯಮ. "ಗೌರವಪೂರ್ವಕವಾಗಿ ಹೇಳುತ್ತೇನೆ ಅಮ್ಮ, ಸಾರಿಗೆ ಉಪ್ಪು ಬಿದ್ದಿಲ್ಲ" ಎಂದು ತಾಯಿಗೆ ಹೇಳುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ಇನ್ನೊಂದು ನಿಯಮ, ಬ್ಯಾರಿಸ್ಟರಾದವನು ತನಗೆ ಕೆಲಸ ಕೊಡಿ ಎಂದು ಯಾರನ್ನೂ ಕೇಳಕೂಡದು. ಕೇಸು ತಾನಾಗಿ ಹುಡುಕಿಕೊಂಡು ಬರಬೇಕು. ಕೇಳುವುದು, ಒಪ್ಪಿಸುವುದು, ಕರೆತರುವುದು ಎಲ್ಲ ಗುಮಾಸ್ತನ ಪಾಡು.

ಆ ವರ್ಷ ಕಾಡಿನಂಚಿನಲ್ಲಿ ಮೇಯುತ್ತಿದ್ದ ನನ್ನ ತವರೂರಿನ ದನಗಳನ್ನು ಅರಣ್ಯ ಇಲಾಖೆಯವರು ಹಿಡಿದು ದೊಡ್ಡಿಗೆ ಕೂಡಿದ್ದರು. ಬ್ಯಾರಿಸ್ಟರು ಕೇಸು ನಡೆಸಿ ಅಷ್ಟನ್ನೂ ಬಿಡಿಸಿದರು. ದನ ಮನೆಗೆ ಬಂದ ಖುಷಿಯಲ್ಲಿ ಊರಿನವರು, "ನೀವೇ ಎಲೆಕ್ಷನ್ಗೆ ನಿಂತ್ಕಳಿ ಬುದ್ದಿ" ಎಂದರು. ಕೇಸು ತಾನಾಗಿ ಹುಡುಕಿಕೊಂಡು ಬಂದಂತಾಯಿತು. ಅವರು ಒಪ್ಪಿದರು.

ಆಗ ಒಂದೊಂದು ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರ ಗುರುತಿನ ಚಿತ್ರ ಅಂಟಿಸಿರುತ್ತಿದ್ದರು. ಓಟಿನ ಚೀಟಿಯನ್ನು ಮರೆಯೊಳಗೆ ಹೋಗಿ ನಮಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಬೇಕು. ಬ್ಯಾರಿಸ್ಟರು ತಕ್ಕಡಿಯ ಗುರುತು ಪಡೆದರು. ನ್ಯಾಯದ ತಕ್ಕಡಿ ಎಂದು ಅವರಿಗೆ ಬಹಳ ಹೆಮ್ಮೆ. ನಮ್ಮೂರಿನ ಹೆಂಗಸರಿಗೆ ತಕ್ಕಡಿ ಎಂದರೆ ಬೆಲ್ಲದ ಅಂಗಡಿಯವನ ಹೆಬ್ಬೆರಳು ನೆನಪಾಗುತ್ತದೆಂದು ನನಗೆ ಗೊತ್ತಿತ್ತು. ಆದರೆ ಅದನ್ನು ಬಳೆಯಲ್ಲಿ ಹೇಗೆ ಹೇಳುವುದು?

ಪ್ರಚಾರಕ್ಕೆ ಪೇಟೆಯ ಇಮಾಮ್ ಸಾಬರು ತಮ್ಮ ಹಳೆಯ ಕಾರು ತಂದರು. ತೊಗಲಿನ ವ್ಯಾಪಾರಿ, ತಾತನ ಗೆಳೆಯರು. ಮಂಜಿನಲ್ಲಿ ಅದು ಹೊರಡಬೇಕಾದರೆ ಇಬ್ಬರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಮೊದಲನೆಯ ದಿನ ಊರೂರು ತಿರುಗಿ ಬಂದವರೇ ಸಾಬರು ನಮ್ಮ ಜಗಲಿಯ ಮೇಲೆ ಕುಸಿದು ಕೂತರು.

"ಏನಾಯ್ತು ಸಾಬ್ರೇ?" ತಾತ ಕೇಳಿದರು.

"ಏನ್ ಹೇಳೋದು ಗುಮಾಸ್ತ್ರೇ. ಅರ್ಧ ಗಂಟೆ ತನಗೆ ಯಾಕೆ ಓಟ್ ಹಾಕ್ಬೇಕು ಅಂತ ಹೇಳಿದ್ರು. ಜನ ಚಪ್ಪಾಳೆ ತಟ್ಟಿದ್ರು. ಆಮೇಲೆ, ಇನ್ನೊಂದು ಕಡೆ ವಾದಾನೂ ಕೇಳ್ಬೇಕು ಅಂತ, ತನಗೆ ಯಾಕೆ ಹಾಕ್ಬಾರ್ದು ಅಂತ ಅರ್ಧ ಗಂಟೆ ಹೇಳಿದ್ರು. ಅದು ಇನ್ನೂ ಚೆನ್ನಾಗಿತ್ತು. ಖುದಾ ಕಸಂ, ನಾನೇ ಎದುರು ಪಾರ್ಟಿಗೆ ಹಾಕನ ಅಂತಿದ್ದೆ."

ಒಳಗಿನಿಂದ ಬ್ಯಾರಿಸ್ಟರು, "ನ್ಯಾಯ ಎಂದರೆ ಅದೇ ಸಾಬರೇ" ಎಂದರು.

"ಸರಿ ಸಾಬ್. ಕೊನೇಲಿ ನಂಗೆ ಓಟ್ ಕೊಡಿ ಅಂತ ಒಂದ್ ಮಾತು ಕೇಳ್ಬೇಕಲ್ವಾ?"

"ಗೌರವಪೂರ್ವಕವಾಗಿ ಹೇಳುತ್ತೇನೆ, ಬ್ಯಾರಿಸ್ಟರಾದವನು ಕೇಳಕೂಡದು."

ಹದಿನೈದು ದಿನ ಹೀಗೆಯೇ ನಡೆಯಿತು. ಎಲೆಕ್ಷನ್ನಿನಲ್ಲಿ ಎದುರಿಗೆ ನಿಂತವರನ್ನು ಬ್ಯಾರಿಸ್ಟರು, ಕೋರ್ಟಿನಲ್ಲಿ ಎದುರು ವಕೀಲರನ್ನು ಕರೆಯುವ ಹಾಗೆ, "ನನ್ನ ವಿದ್ವಾಂಸ ಮಿತ್ರರು" ಎಂದು ಹೊಗಳುತ್ತಿದ್ದರು. ತಾತ ಹಿಂದಿನ ಸೀಟಿನಿಂದ ಇಳಿದು ಕೈಮುಗಿದು ಓಟು ಕೇಳುವಷ್ಟರಲ್ಲಿ ಜನ ಮನೆಗೆ ಹೋಗಿರುತ್ತಿದ್ದರು. ಅವರೆಕಾಯಿ ಸುಲಿಯುವ ಕಾಲ. ಯಾರಿಗೆ ಪುರುಸೊತ್ತು?

ಕೊನೆಗೆ ನಮ್ಮೂರಿನಿಂದಲೇ ಸುದ್ದಿ ಬಂತು. ನನ್ನ ದೊಡ್ಡಪ್ಪನ ಹೆಂಡತಿ ಮಾದವ್ವ ಊರಿನ ಹೆಂಗಸರಿಗೆಲ್ಲ ಯಜಮಾನಿ ಇದ್ದ ಹಾಗೆ. ಸಂತೆಗೆಂದು ಬಂದವಳು ನಮ್ಮ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ತಾತನಿಗೆ ನೇರವಾಗಿ ಹೇಳಿದಳು.

"ನಿಮ್ ಬಾಲಿಷ್ಟ್ರು ಬಂದ್ರು, ಮಾತಾಡುದ್ರು, ಓದ್ರು. ಯಾರ್ನಾದ್ರೂ ಕರುದ್ರಾ? ಅರಸ್ನ ಕುಂಕುಮ ಕೊಟ್ಟು ಕರೀದೆ ನಾವ್ ಯಾರಟ್ಟಿ ಒಸಲೂ ತುಳ್ದೋರಲ್ಲ. ನಮ್ಗೂ ಒಂದು ಮಾನ ಅದೆ ಕಣಪ್ಪ."

ತಾತನಿಗೆ ತಲೆಯಲ್ಲಿ ದೀಪ ಹತ್ತಿದಂತಾಯಿತು. ನಮ್ಮ ಕಡೆ ಮನೆಯ ಮುತ್ತೈದೆ ಬಂದು ಹಣೆಗೆ ಕುಂಕುಮವಿಟ್ಟು ಕರೆದರೆ ಹೋಗದೆ ಇರುವಂತಿಲ್ಲ, ಕರೆಯದಿದ್ದರೆ ಹೋಗುವಂತಿಲ್ಲ. ಬ್ಯಾರಿಸ್ಟರಿಗೆ ಹೆಂಡತಿ ಇಲ್ಲ. ಅವರ ತಾಯಿ ನಾನು ಈಗ ಇರುವ ಹಾಗೆ ಗಂಡನನ್ನು ಕಳೆದುಕೊಂಡವರು. ಅಂದಿನ ಕಟ್ಟಳೆಯಂತೆ ಅವರು ಕುಂಕುಮ ಹಿಡಿದು ಹೋಗುವಂತಿರಲಿಲ್ಲ. ಉಳಿದವಳು ನಾನು.

ಬ್ಯಾರಿಸ್ಟರು ಒಂದು ಹಗಲೆಲ್ಲ ದಪ್ಪ ಪುಸ್ತಕ ತಿರುವಿದರು. ಸಂಜೆ ಬಂದು ಬಾಗಿಲಿನ ಕಡೆ ತಿರುಗಿ, "ನಾನು ಕೇಳಕೂಡದು. ಗುಮಾಸ್ತ ಕೇಳಬಹುದು. ಗುಮಾಸ್ತನ ಹೆಂಡತಿ ಕೇಳಕೂಡದು ಎಂದು ಎಲ್ಲಿಯೂ ಬರೆದಿಲ್ಲ. ತಮಗೆ ಒಪ್ಪಿಗೆಯೇ?" ಎಂದರು.

ಎರಡು ಸಲ ಬಡಿಯಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ತಾತ ಮೆಲ್ಲಗೆ, "ಇವರು ಸೋತರೆ ಮರ್ಯಾದೆಗೆ ಅಂಜಿ ಲಂಡನ್ಗೆ ವಾಪಸ್ ಹೋಗ್ಬುಡ್ತಾರೆ ಕಣೆ. ಆಮೇಲೆ ನಿಮ್ಮೂರ ದನಗಳಿಗೆ ದೇವರೇ ಗತಿ" ಅಂದರು. ಕೈ ಒಂದು ಸಲ ಬಡಿದು ನಿಂತಿತು.

ಹೀಗೆ ನಾನು ಕುಂಕುಮದ ಭರಣಿ, ಅರಿಶಿನ, ವೀಳ್ಯದೆಲೆ ಇಟ್ಟುಕೊಂಡ ಬುಟ್ಟಿ ಹಿಡಿದು ಬಸವಾಪುರಕ್ಕೆ ಹೋದೆ. ತಕ್ಕಡಿಯ ಚಿತ್ರವಿದ್ದ ಕಾಗದಗಳ ಕಟ್ಟನ್ನೂ ತಾತ ಬುಟ್ಟಿಯ ತಳದಲ್ಲಿ ಇಟ್ಟಿದ್ದರು. "ಮನೆಗೊಂದು ಕೊಡು. ಬ್ಯಾರಿಸ್ಟರಿಗೆ, ತಕ್ಕಡಿ ಪೆಟ್ಟಿಗೆಗೆ ಓಟು ಹಾಕಿ ಅನ್ನು. ಅಷ್ಟೇ." ದಾರಿಯುದ್ದಕ್ಕೂ ಆ ಮಾತನ್ನು ಹೇಳಿಕೊಂಡೇ ಹೋದೆ. ಮೊದಲನೆಯ ಮನೆಯ ಹೊಸಲಿನಲ್ಲಿ ಅದು ಬಾಯಿಗೆ ಬರಲಿಲ್ಲ. ಓಟು ಎನ್ನುವುದು ಗಂಡಸರ ಮಾತು, ನನ್ನ ನಾಲಿಗೆಗೆ ಗುರುತಿಲ್ಲದ್ದು. ಕುಂಕುಮವಿಟ್ಟ ಕೈಗೆ ಗೊತ್ತಿದ್ದ ಮಾತು ಒಂದೇ. ಅದೇ ಹೊರಬಂತು.

"ಬುಧವಾರ ಬೆಳಗ್ಗೆ ಇಸ್ಕೂಲ ತಾವ ಬಂದು, ನಿಂತ್ಕಂಡು ನಡೆಸ್ಕೊಡ್ಬೇಕು. ಬಾಲಿಷ್ಟ್ರು ಏಳವ್ರೆ."

ಮೂರು ದಿನ, ಒಂದು ಮನೆಯನ್ನೂ ಬಿಡದೆ, ಅದೊಂದೇ ಮಾತು. ಎಲ್ಲರೂ ಸಂತೋಷದಿಂದ "ಬಂದೇ ಬತ್ತೀವಿ ಕೂಸೇ" ಎಂದರು. ಕೆಲವರು ನನ್ನ ಗಲ್ಲ ಹಿಡಿದು ನಕ್ಕರು. ಯಾಕೆಂದು ನಾನು ಕೇಳಲಿಲ್ಲ. ತಕ್ಕಡಿಯ ಕಾಗದಗಳನ್ನು ನಾಚಿಕೆಯಿಂದ ಹೊರಗೇ ತೆಗೆಯಲಿಲ್ಲ. ಅವ್ವ ಅವನ್ನು ಅಟ್ಟದ ಮೇಲೆ ಹುಣಸೆಹಣ್ಣಿನ ಮಡಕೆಗಳ ಕೆಳಗೆ ಹಾಸಿಕೊಂಡಳು. ಇದನ್ನು ತಾತನಿಗೆ ಅವರು ಇರುವ ತನಕ ನಾನು ಹೇಳಲಿಲ್ಲ. ನಿಮಗೆ ಮೊದಲು ಹೇಳುತ್ತಿರುವುದು.

ಓಟಿನ ದಿನ ಬೆಳಗ್ಗೆ ಎದುರಿನ ಆಳು ಕಾಣದಷ್ಟು ಮಂಜು. ನಮ್ಮೂರ ಶಾಲೆಯಲ್ಲಿ ಹೆಂಗಸರಿಗೇ ಬೇರೆ ಕೋಣೆ ಮಾಡಿದ್ದರು. ಹೆಸರು ಬರೆದುಕೊಳ್ಳುವವರು ಬಂದಾಗ ನಾನು ತವರಿನಲ್ಲಿದ್ದೆ, ಹಾಗಾಗಿ ನನ್ನ ಓಟೂ ಅಲ್ಲಿಯೇ. ಬ್ಯಾರಿಸ್ಟರು, ತಾತ, ಇಮಾಮ್ ಸಾಬರು ಕಾರಿನಲ್ಲಿ ಬಂದು ರಸ್ತೆಯಲ್ಲಿ ನಿಂತರು. ಬೇರೆ ಊರುಗಳಲ್ಲಿ ಹೆಂಗಸರು ಮನೆ ಬಿಟ್ಟು ಬಂದಿಲ್ಲ ಎಂದು ಅವರ ಮುಖ ಸಪ್ಪೆಯಾಗಿತ್ತು. ಆಗ ಮಂಜಿನೊಳಗಿಂದ ಬಳೆಗಳ ಸದ್ದು ಕೇಳಿತು.

ಬಂದರು ನೋಡಿ, ನೂರಕ್ಕೂ ಮೀರಿ. ಟ್ರಂಕಿನ ತಳದಿಂದ ತೆಗೆದ ರೇಷ್ಮೆ ಸೀರೆ, ತಲೆ ತುಂಬ ಸೇವಂತಿಗೆ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಸುಲಿದ ಅವರೆಕಾಳು. ಬ್ಯಾರಿಸ್ಟರು ಛತ್ರಿಯನ್ನು ಕಂಕುಳಿಗೆ ಸೇರಿಸಿ ಟೋಪಿ ತೆಗೆದರು. ಅವರ ಕಣ್ಣು ತುಂಬಿತ್ತು. "ಗುಮಾಸ್ತರೇ, ಇಂಗ್ಲೆಂಡಿನಲ್ಲೂ ನಾನು ಇಂಥ ಗೌರವದಿಂದ ಮತ ಹಾಕಲು ಬಂದವರನ್ನು ಕಂಡಿಲ್ಲ" ಎಂದರು.

ಮಾದವ್ವ ಎಲ್ಲರ ಮುಂದೆ ಇದ್ದಳು. ನೇರವಾಗಿ ನನ್ನ ಬಳಿಗೆ ಬಂದು ಕೇಳಿದಳು.

"ಹೆಣ್ಣೆಲ್ಲಮ್ಮಿ?"

"ಯಾವ ಹೆಣ್ಣು ದೊಡ್ಡವ್ವ?"

"ಮದ್ವೆ ಹೆಣ್ಣು ಕಣಮ್ಮಿ. ಬಾಲಿಷ್ಟ್ರುಗೆ ಸೀಮೆಯಿಂದ ಬಂದೋಳು. ಸುಣ್ಣ ಬಳ್ದಂಗೆ ಅವಳಂತಲ್ಲ, ನೋಡನ ಅಂತ ಉಡಿಗಾಲದಿಂದ ನನ್ ತಂಗೀನೂ ಬಂದವಳೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕುಂಕುಮ ಕೊಟ್ಟು, ನಡೆಸಿಕೊಡಿ ಎಂದು ಕರೆದರೆ ಅವರು ಇನ್ನೇನು ತಿಳಿಯಬೇಕು? ನಲವತ್ತು ದಾಟಿದ ಗಂಡಿಗೆ ಕೊನೆಗೂ ಕಂಕಣ ಕೂಡಿ ಬಂತು, ಅದೇ ದಿನ ಗಂಡಸರಿಗೆ ಅದೇನೋ ಓಟು ಬೇರೆ ಇದೆ ಎಂದು ಊರೇ ಮಾತಾಡಿಕೊಂಡಿತ್ತಂತೆ. ಬ್ಯಾರಿಸ್ಟರ ಕಣ್ಣಿನ ನೀರು ಅಲ್ಲಿಯೇ ಆರಿತು. ಇಮಾಮ್ ಸಾಬರು ಕಾರಿನ ಹಿಂದೆ ಹೋಗಿ ನಿಂತು ಹೆಗಲು ಕುಲುಕಿಸಿ ನಗುತ್ತಿದ್ದರು.

"ಮದ್ವೆ ಇಲ್ವಂತೆ ಕಣಕ್ಕ." ಸುದ್ದಿ ಹೆಂಗಸರ ಬಾಯಿಂದ ಬಾಯಿಗೆ ಹರಿಯಿತು.

"ಊಟಾನೂ ಇಲ್ವಂತಾ?"

"ಸಿದ್ದೇಗೌಡ್ರ ಮಗಳು ಇಂಗೆ ಸುಳ್ಳೇಳಿ ಕರ್ದುಬುಟ್ಲಲ್ಲ. ಪ್ಯಾಟೆ ನೀರು ಕುಡ್ದ ಮೇಲೆ ಇಂಗೇಯ."

ಸಿದ್ದೇಗೌಡರೆಂದರೆ ನನ್ನ ಅಪ್ಪ. ಶಾಲೆಯ ಗೋಡೆಗೆ ಒರಗಿ ನಿಂತಿದ್ದ ಅವರು ತಲೆ ತಗ್ಗಿಸಿದರು. ತಾತ ಬ್ಯಾರಿಸ್ಟರ ಕಿವಿಯಲ್ಲಿ, "ಅಕ್ಕಿ ತರಿಸಿ ಒಂದಿಷ್ಟು ಅನ್ನ ಸಾರು ಮಾಡಿಸಿಬಿಡೋಣ" ಎಂದರು.

"ಮತದಾರರಿಗೆ ಊಟ ಹಾಕಿಸುವುದು ಅಪರಾಧ. ಒಂದು ಎಲೆ ಹಾಕಿದರೂ ನಾನೇ ನನ್ನ ಮೇಲೆ ದೂರು ಕೊಡುತ್ತೇನೆ."

ಹೆಂಗಸರು ಸೆರಗು ಒದರಿ ತಿರುಗಿ ಹೊರಟರು. ಅವರು ಹೋದರೆ ಬ್ಯಾರಿಸ್ಟರು ಸೋತರು. ಅದಕ್ಕಿಂತ ಹೆಚ್ಚಾಗಿ, ನನ್ನ ಅಪ್ಪ ಆ ಊರಿನಲ್ಲಿ ಇನ್ನು ಯಾರನ್ನೂ ಕರೆಯುವಂತಿರಲಿಲ್ಲ, ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಕಾಲು ಹೇಗೆ ಎತ್ತಿಟ್ಟೆನೋ ತಿಳಿಯದು, ಶಾಲೆಯ ಜಗಲಿ ಹತ್ತಿದ್ದೆ. ಮೊದಲು ಬಳೆಯನ್ನೇ ಬಡಿದೆ. ಮಂಜಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಆಮೇಲೆ ಬಾಯಿ ತೆರೆದೆ.

"ತಪ್ಪು ನಂದು. ನಾನು ನೆಟ್ಟಗೆ ಏಳ್ನಿಲ್ಲ. ಮದ್ವೆ ಇಲ್ಲ, ಊಟಾನೂ ಇಲ್ಲ. ಒಳಗೆ ಪೆಟ್ಗೆ ಮಡಗವ್ರೆ. ಒಬ್ಬೊಬ್ರೇ ಮರೆ ಒಳಕೋಗಿ, ನಿಮ್ಗೆ ಯಾವ್ದು ಬೇಕೋ ಅದ್ಕೆ ಚೀಟಿ ಆಕ್ಬೇಕು. ಯಾವ್ದಕ್ಕೆ ಆಕುದ್ರಿ ಅಂತ ಯಾರ್ಗೂ ಗೊತ್ತಾಗದಿಲ್ಲ."

ಒಬ್ಬಳು ನಿಂತಳು. "ಯಾರ್ಗೂ ಅಂದ್ರೆ?"

"ಯಾರ್ಗೂ."

"ನಮ್ಮಟ್ಟಿ ಗಂಡುಸ್ರುಗೂವೆ?"

"ಗಂಡುಸ್ರುಗೂ ಗೊತ್ತಾಗದಿಲ್ಲ."

ಹಿಂದಿನಿಂದ ಒಂದು ಸಣ್ಣ ಧ್ವನಿ ಬಂತು. "ಅತ್ತೇರ್ಗೆ?"

"ಅತ್ತೇರ್ಗೂ ಗೊತ್ತಾಗದಿಲ್ಲ. ಸರ್ಕಾರದೋರ್ಗೂ ಗೊತ್ತಾಗದಿಲ್ಲ. ಸಾಯೋಗಂಟ ಏಳ್ದೆ ಇರ್ಬೋದು."

ಆ ಸೊಸೆಯರ ಬದುಕಿನಲ್ಲಿ ಸಾಸಿವೆ ಡಬ್ಬಿಯೊಳಗೆ ಬಚ್ಚಿಟ್ಟ ಕಾಸೂ ಅತ್ತೆಗೆ ಗೊತ್ತಿತ್ತು. ಮೊದಲು ಸೊಸೆಯರು ತಿರುಗಿ ಬಂದರು. ಸೊಸೆಯರು ಏನು ಮಾಡುತ್ತಾರೋ ನೋಡೋಣವೆಂದು ಅತ್ತೆಯರೂ ಬಂದರು. ಸಾಲು ಬಾವಿಕಟ್ಟೆಯವರೆಗೂ ಬೆಳೆಯಿತು.

ಮಾದವ್ವ ಬಾಗಿಲಿನಲ್ಲಿ ತಿರುಗಿ, "ಬಾಲಿಷ್ಟ್ರುದು ಯಾವ ಪೆಟ್ಗೆ ಅಂತ ಏಳಮ್ಮಿ" ಎಂದಳು. ನಾನು ಬಾಯಿ ತೆರೆದದ್ದೇ ತಡ, ಬ್ಯಾರಿಸ್ಟರು ರಸ್ತೆಯಿಂದಲೇ ಛತ್ರಿ ಎತ್ತಿ ಕೂಗಿದರು.

"ಹೇಳಕೂಡದು. ಇಲ್ಲಿ ಹೇಳುವುದು ಕಾನೂನಿಗೆ ವಿರುದ್ಧ."

ಮಾದವ್ವ ಅವರನ್ನು ಬೂಟಿನಿಂದ ಟೋಪಿಯವರೆಗೆ ನೋಡಿದಳು. ಎತ್ತಿದ ಕೈಯ ಮೇಲೆ ಅವಳ ಕಣ್ಣು ನಿಂತಿತು. "ಬುಡಿ ಬುದ್ದಿ. ನಮ್ಗೇನ್ ಕಣ್ಣಿಲ್ವಾ?" ಎಂದು ಒಳಗೆ ಹೋದಳು. ಹೊರಬಂದವಳು ಸಾಲಿನ ಕಿವಿಯಲ್ಲಿ ಏನೋ ಹೇಳುತ್ತ ನಡೆದಳು.

ಮಧ್ಯಾಹ್ನದ ಹೊತ್ತಿಗೆ ತಂದ ತಟ್ಟೆಗಳನ್ನು ವಾಪಸು ಮನೆಗೆ ಒಯ್ಯುವುದು ಶ್ರೇಯಸ್ಸಲ್ಲವೆಂದು ಮಾದವ್ವನ ಅಂಗಳದಲ್ಲಿ ಒಲೆ ಹೂಡಿದರು. ಅನ್ನ, ಮುದ್ದೆ, ಹಿತಕಿದ ಅವರೆಬೇಳೆ ಸಾರು. ಸೊಗಡು ಊರಿಡೀ ಹಬ್ಬಿತು. ಬ್ಯಾರಿಸ್ಟರನ್ನು ಕರೆದಾಗ ಅವರು ಬಹಳ ಹೊತ್ತು ಯೋಚಿಸಿ, "ಅಭ್ಯರ್ಥಿ ಮತದಾರನಿಗೆ ಊಟ ಹಾಕಕೂಡದು. ಮತದಾರ ಅಭ್ಯರ್ಥಿಗೆ ಹಾಕಬಹುದು" ಎಂದು ತೀರ್ಪು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತರು. ಮೂರು ಮುದ್ದೆ ನುಂಗಿದರು. "ಹೆಣ್ ಇದ್ದಿದ್ರೆ ಪಕ್ಕದಲ್ಲೇ ಒಂದೆಲೆ ಆಕ್ಬೋದಿತ್ತು" ಎಂದು ಹೆಂಗಸರು ಬಡಿಸುತ್ತಲೇ ಇದ್ದರು.

ಎಣಿಕೆ ಗುಂಡ್ಲುಪೇಟೆಯಲ್ಲಿ ಆಯಿತು. ಬ್ಯಾರಿಸ್ಟರು ಸೋತರು. ಅದು ಆಶ್ಚರ್ಯವಲ್ಲ, ಇಮಾಮ್ ಸಾಬರು ಮೊದಲ ದಿನವೇ ಹೇಳಿದ್ದರು. ಆಶ್ಚರ್ಯವಾದದ್ದು ಬಸವಾಪುರದ ಹೆಂಗಸರ ಪೆಟ್ಟಿಗೆಗಳನ್ನು ತೆರೆದಾಗ. ತಕ್ಕಡಿ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಚೀಟಿ. ಮಿಕ್ಕವು ಹೆಚ್ಚುಕಡಿಮೆ ಎಲ್ಲ ಇನ್ನೊಂದು ಪೆಟ್ಟಿಗೆಯಲ್ಲಿದ್ದವು. ಆ ಪೆಟ್ಟಿಗೆಯ ಮೇಲೆಲ್ಲ ಅರಿಶಿನ ಕುಂಕುಮ ಮೆತ್ತಿತ್ತಂತೆ, ಸಂದಿನಲ್ಲಿ ಸೇವಂತಿಗೆ ಎಸಳು ಸಿಕ್ಕಿತ್ತಂತೆ. ಅದರ ಗುರುತು ಛತ್ರಿ.

ಛತ್ರಿಯ ಅಭ್ಯರ್ಥಿ ತೆರಕಣಾಂಬಿ ಕಡೆಯ ಒಬ್ಬ ವೀಳ್ಯದೆಲೆ ವ್ಯಾಪಾರಿ. ಭಾವಮೈದುನನ ಮೇಲಿನ ಜಿದ್ದಿಗೆ ಅರ್ಜಿ ಹಾಕಿ, ಆಮೇಲೆ ಇಬ್ಬರೂ ರಾಜಿಯಾಗಿದ್ದರಿಂದ ಮನೆಯಲ್ಲೇ ಕೂತಿದ್ದವನು. ಗೆಲ್ಲಲಿಲ್ಲ, ಆದರೆ ನಮ್ಮೂರಿನ ಲೆಕ್ಕ ಕೇಳಿ ಒಂದು ಬುಟ್ಟಿ ಎಲೆ ಹೊತ್ತುಕೊಂಡು ಓಡಿ ಬಂದ.

"ಯಾಕ್ ತಾಯಂದ್ರಾ ನಂಗೆ ಆಕುದ್ರಿ? ನಮ್ ಮಾವನೋರ ಊರಲ್ಲೇ ಇಷ್ಟ್ ಬಿದ್ದಿಲ್ಲ."

ಮಾದವ್ವ ಅವನನ್ನು ನೋಡಿ, "ನೀನ್ಯಾರಪ್ಪ?" ಅಂದಳಂತೆ.

ವಿಷಯ ತಿಳಿದು ತಾತ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಬ್ಯಾರಿಸ್ಟರು ಮಾತ್ರ ತಮ್ಮ ಕೈಯ ಛತ್ರಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಗೋಡೆ ನಡುಗುವ ಹಾಗೆ ನಕ್ಕರು. ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಲಂಡನ್ನಿಗೆ ಹೋಗಲಿಲ್ಲ. "ನನ್ನನ್ನು ಬೇಡ ಎಂದವರಿಲ್ಲ, ನನ್ನ ವಿಳಾಸ ತಪ್ಪಿತು ಅಷ್ಟೇ" ಎಂದು ಮುಂದೆ ತಾಲ್ಲೂಕು ಬೋರ್ಡಿಗೆ ನಿಂತರು. ಮನೆಮನೆಗೆ ಹೋಗಿ ತಾವೇ ಕೈಮುಗಿದು ಓಟು ಕೇಳಿದರು, ಒಂದು ಕಡೆಯ ವಾದವನ್ನಷ್ಟೇ ಹೇಳಿದರು, ಗೆದ್ದರು. ನಮ್ಮೂರಿನ ದನಗಳನ್ನು ಮತ್ತೆ ಯಾರೂ ದೊಡ್ಡಿಗೆ ಕೂಡಲಿಲ್ಲ.

ಬಸವಾಪುರಕ್ಕೆ ಅವರು ಹೋದಾಗಲೆಲ್ಲ ಒಬ್ಬೊಬ್ಬ ಹೆಂಗಸೂ ಅವರನ್ನು ಪಕ್ಕಕ್ಕೆ ಕರೆದು, "ಆ ತಕ್ಡೀಲಿ ಬಿದ್ದಿದ್ದ ಒಂದು ನಂದೇ ಕಣ ಬುದ್ದಿ, ಯಾರ್ಗೂ ಏಳ್ಬೇಡಿ" ಎನ್ನುತ್ತಿದ್ದಳು. ಅವರು ಪ್ರತಿಯೊಬ್ಬಳಿಗೂ ತಲೆಬಾಗಿ, "ನನಗೆ ಗೊತ್ತಿತ್ತು ತಾಯಿ" ಎನ್ನುತ್ತಿದ್ದರು.

ಎಣಿಕೆಯಾದ ವಾರದಲ್ಲಿ ಒಂದು ಬೆಳಗ್ಗೆ, ತಾತ ಕೋರ್ಟಿನ ಕಾಗದ ಜೋಡಿಸುತ್ತಿದ್ದಾಗ, ಬ್ಯಾರಿಸ್ಟರು ನಮ್ಮ ಮನೆಗೆ ಬಂದರು. ನಾನು ಬಾಗಿಲ ಹಿಂದೆ ಸರಿದೆ. ಅವರು ಛತ್ರಿಯನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, "ಇದು ಇನ್ನು ಈ ಮನೆಯಲ್ಲಿರಲಿ, ನನ್ನ ಕೈಯಲ್ಲಿದ್ದರೆ ಅಪಾಯ" ಎಂದರು. ನಿಮ್ಮಪ್ಪಂದಿರು ಬಿಲ್ಲು ಮಾಡಿಕೊಂಡು ಆಡಿ ಎರಡು ಕಡ್ಡಿ ಮುರಿದದ್ದು ಅದೇ ಛತ್ರಿ. ಮರದ ಹಿಡಿ ಇನ್ನೂ ಗಟ್ಟಿಯಾಗಿದೆ.

ಆಮೇಲೆ ಬ್ಯಾರಿಸ್ಟರು ಬಾಗಿಲಿನ ಕಡೆ ತಿರುಗಿ ಮೆಲ್ಲಗೆ, "ಗೌರವಪೂರ್ವಕವಾಗಿ ಒಂದು ಪ್ರಶ್ನೆ. ಆ ಒಂದು ಓಟು ತಮ್ಮದೇ ತಾನೆ?" ಎಂದರು.

ತಾತ ಕಾಗದ ಬಿಟ್ಟು ತಲೆಯೆತ್ತಿದರು. ನನ್ನ ಕೈ ತಾನಾಗಿ ಮೇಲೆ ಹೋಯಿತು. ಆಗ ಆ ಮಂಜು, ಆ ಜಗಲಿ ನೆನಪಾದವು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಊರಿನ ಹೆಂಗಸರಿಗೆಲ್ಲ ಮಾತು ಕೊಟ್ಟವಳು ನಾನೇ. ಗಂಡಸರಿಗೂ ಇಲ್ಲ, ಸರ್ಕಾರದವರಿಗೂ ಇಲ್ಲ ಎಂದಿದ್ದೆ. ಬಳೆಗಳು ಸದ್ದಾಗದ ಹಾಗೆ ಇನ್ನೊಂದು ಕೈಯಿಂದ ಅವನ್ನು ಬಿಗಿಯಾಗಿ ಹಿಡಿದು ನಿಂತೆ.

ಬ್ಯಾರಿಸ್ಟರು ಸ್ವಲ್ಪ ಹೊತ್ತು ಕಾದರು. ತಾತನೂ ಕಾದರು. ಗೋಡೆಯಾಚೆ ಬ್ಯಾರಿಸ್ಟರ ತಾಯಿ ಒಗ್ಗರಣೆ ಹಾಕಿದ ಚುಂಯ್ ಸದ್ದು ಕೇಳಿತು.

"ಸಾಕ್ಷಿ ಉತ್ತರ ಕೊಡಬೇಕಾಗಿಲ್ಲ" ಎಂದು ಬ್ಯಾರಿಸ್ಟರು ಬರಿಗೈಯಲ್ಲಿ ಬಿಸಿಲಿಗೆ ಇಳಿದು ಹೋದರು.